ಎದುರಿಗೆ ಕುಂತವರು

ನಮ್ಮ ಮನೆಯ ಕಪಾಟಿನಲ್ಲಿ ಒಂದು ಪುಸ್ತಕ ಮಾತ್ರ ಉಳಿದವುಗಳ ಜೊತೆ ಹೊಂದಿಕೊಂಡು ನಿಲ್ಲುವುದಿಲ್ಲ. ಅದರ ಆಕಾರವೇ ಹಾಗೆ. ಎತ್ತರ ಕಡಿಮೆ, ಅಗಲ ಹೆಚ್ಚು. ನಿಲ್ಲಿಸಿದರೆ ಅರ್ಧ ಹೊರಗೆ ಚಾಚಿಕೊಂಡು ಹೋಗಿ ಬರುವವರ ಮೊಣಕೈಗೆ ತಾಗುತ್ತದೆ. ಮಲಗಿಸಿದರೆ ಯಾರಾದರೂ ಅದರ ಮೇಲೆ ಚಹಾದ ಕಪ್ಪು ಬಸಿ ಇಡುತ್ತಾರೆ. ಮನೆಗೆ ಬಂದವರೆಲ್ಲ ಅದನ್ನು ಮದುವೆ ಆಲ್ಬಮ್ ಎಂದೇ ತಿಳಿಯುತ್ತಾರೆ. ಅದು ಅವರ ತಪ್ಪಲ್ಲ. ಪುಸ್ತಕ ಅಚ್ಚಾದದ್ದು ನಿಪ್ಪಾಣಿಯಲ್ಲಿ, ಲಗ್ನಪತ್ರಿಕೆ ಹಾಕುವ ಒಂದು ಸಣ್ಣ ಪ್ರೆಸ್ಸಿನಲ್ಲಿ. ಪ್ರೆಸ್ಸಿನವರು ರೂಢಿಯಂತೆ ಮೊದಲ ಪುಟದ ನೆತ್ತಿಯ ಮೇಲೆ ‘ಶ್ರೀ’ ಹಾಕಿ, ಪ್ರತಿ ಪುಟಕ್ಕೂ ಮಲ್ಲಿಗೆ ಬಳ್ಳಿಯ ಅಂಚು ಕಟ್ಟಿಬಿಟ್ಟಿದ್ದಾರೆ.

ಒಮ್ಮೆ ನನ್ನ ಗಂಡನ ಕಡೆಯ ಹಿರಿಯರೊಬ್ಬರು ಅಥಣಿಯಿಂದ ಬಂದವರು ಕನ್ನಡಕ ಏರಿಸಿಕೊಂಡು ಅದನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದರು. ತೆಲಸಂಗದ ರೈತನೊಬ್ಬ ಕಂಕುಳಲ್ಲಿ ಆಡಿನ ಮರಿ ಇಟ್ಟುಕೊಂಡು ಬಾಯಿ ತೆರೆದು ನಿಂತಿದ್ದಾನೆ. ಕಬ್ಬಿನ ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಒಂದು ಇಡೀ ಕುಟುಂಬ ತಲೆಯ ಮೇಲೆ ಟವೆಲ್ಲು ಹೊದ್ದು ಕೂತಿದೆ. ಒಬ್ಬ ಪೈಲವಾನ ಎರಡೂ ಕಿವಿಗೆ ಬೆರಳು ಹಾಕಿಕೊಂಡಿದ್ದಾನೆ. ಹಿರಿಯರು ಕೊನೆಯ ಪುಟವನ್ನೂ ನೋಡಿ ಮುಗಿಸಿ, “ಬೀಗರು ಭಾಳ ಮಂದಿ ಬಂದಾರ. ಮದುಮಕ್ಕಳು ಎಲ್ಲಿ ಅದಾರ?” ಎಂದು ಕೇಳಿದರು.

“ಮದುಮಗ ಫೋಟೋ ತಗ್ಯಾಕತ್ತಾನ್ರಿ,” ಎಂದೆ ನಾನು.

ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಪುಸ್ತಕದ ಹೆಸರು ‘ಎದುರಿಗೆ ಕುಂತವರು’. ಮಾಡಿದವನು ನಿಪ್ಪಾಣಿಯ ದಿಲೀಪ. ಹಾಡುಗಾರ ತನ್ನ ನೆನಪಿನ ಪುಸ್ತಕ ಮಾಡಿದರೆ ಅದರ ತುಂಬ ತನ್ನದೇ ಮುಖ ಇರುವುದು ರೂಢಿ. ಈ ಪುಸ್ತಕದಲ್ಲಿ ದಿಲೀಪನ ಒಂದೇ ಒಂದು ಫೋಟೋ ಇಲ್ಲ. ಇರುವುದೆಲ್ಲ ಅವನ ಹಾಡು ಕೇಳಲು ಬಂದು ಎದುರಿಗೆ ಕುಂತವರು, ಅಂದರೆ ನಮ್ಮಂಥವರು.

ದಿಲೀಪ ಎಂಥ ಹಾಡುಗಾರ ಎಂದು ಹೇಳುವುದು ಸ್ವಲ್ಪ ಕಷ್ಟ. ಅವನ ತಾಯಿ ನಿಪ್ಪಾಣಿಯಲ್ಲಿ ಬೀಡಿ ಕಟ್ಟುತ್ತಿದ್ದಳು. ಅವನು ಹರೆಯದಲ್ಲಿ ಕೆಲಸ ಹುಡುಕಿಕೊಂಡು ಮುಂಬಯಿಗೆ ಹೋಗಿ, ಅಲ್ಲಿ ಹಡಗಿನ ಕೆಲಸಗಾರನೊಬ್ಬನ ಕಡೆಯಿಂದ ಒಂದು ಕ್ಯಾಸೆಟ್ಟು ಸಂಪಾದಿಸಿಕೊಂಡು ಬಂದಿದ್ದ. ಅದರಲ್ಲಿ ಯಾವುದೋ ದೇಶದ ಹುಡುಗರು ಸಿಟ್ಟಿನಿಂದ ಒದರುತ್ತಿದ್ದರಂತೆ. ಅದಕ್ಕೆ ‘ಪಂಕ್’ ಅನ್ನುತ್ತಾರೆ ಎಂದು ಅವನು ಎಲ್ಲರಿಗೂ ಹೇಳಿದ. ನಿಪ್ಪಾಣಿಯ ಮಂದಿ ಅದನ್ನು ‘ಪಂಖಾ’ ಎಂದು ಕೇಳಿಸಿಕೊಂಡು, ಇವನು ಫ್ಯಾನ್ ರಿಪೇರಿಯ ಅಂಗಡಿ ಹಾಕುತ್ತಾನೆ ಎಂದು ತಿಳಿದರು. ನಮ್ಮ ಕಾಲೇಜಿನ ಕನ್ನಡದ ಸರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, “ಪಂಕ ಅಂದ್ರ ಕೆಸರು. ಕೆಸರಿನ್ಯಾಗಿಂದ ಒಮ್ಮೊಮ್ಮೆ ಪಂಕಜನೂ ಹುಟ್ಟತೈತಿ. ನೋಡೂಣು,” ಎಂದಿದ್ದರು.

ಎಂಬತ್ತರ ದಶಕದ ನಡುವಿನ ಮಾತು. ನಮ್ಮದು ರಾಯಬಾಗ, ಕಬ್ಬಿನ ಹೊಲ, ದೊಡ್ಡ ಮನೆ. ನಾನು ದಿನಾ ಬಸ್ಸಿನಲ್ಲಿ ಚಿಕ್ಕೋಡಿಯ ಕಾಲೇಜಿಗೆ ಹೋಗುತ್ತಿದ್ದೆ. ಕಾಲೇಜಿನ ವಾರ್ಷಿಕ ಗ್ಯಾದರಿಂಗಿಗೆ ಕೊಲ್ಲಾಪುರದ ಕಡೆಯ ಒಂದು ಆರ್ಕೆಸ್ಟ್ರಾ ಬರಬೇಕಾಗಿತ್ತು, ಸಿನಿಮಾ ಹಾಡಿನದು. ಅವರ ಗಾಡಿ ದಾರಿಯಲ್ಲಿ ಕೆಟ್ಟು ನಿಂತಿತು. ಬೇರೆ ಯಾರೂ ಸಿಗದೆ ಸಂಘಟಕರು ನಿಪ್ಪಾಣಿಯಿಂದ ದಿಲೀಪನ ‘ಘಾಟು’ ಪಾರ್ಟಿಯನ್ನು ಕರೆಸಿದರು. ಪಾರ್ಟಿ ಅಂದರೆ ಮೂರೇ ಜನ. ದಿಲೀಪ, ಡ್ರಮ್ ಬಾರಿಸುವವನೊಬ್ಬ, ದಪ್ಪ ತಂತಿಯ ಗಿಟಾರಿನವನೊಬ್ಬ. ದಿಲೀಪನ ಕೂದಲು ಮುಳ್ಳುಹಂದಿಯಂತೆ ನೆಟ್ಟಗೆ ನಿಂತಿತ್ತು. ಅವನು ಬೆಲ್ಲದ ಕಾಕಂಬಿ ಹಚ್ಚಿ ಅದನ್ನು ನಿಲ್ಲಿಸುತ್ತಾನೆ, ಹತ್ತಿರ ಹೋದರೆ ಇರುವೆ ಹರಿದಾಡುವುದು ಕಾಣುತ್ತದೆ ಎಂದು ಹುಡುಗಿಯರಲ್ಲಿ ಸುದ್ದಿಯಾಯಿತು. ಅಂಗಿಯ ಗುಂಡಿಗಳ ಜಾಗದಲ್ಲಿ ಸಾಲಾಗಿ ಸೇಫ್ಟಿ ಪಿನ್ನುಗಳಿದ್ದವು. ಕೊರಳಲ್ಲಿ ಒಂದು ಹಳೆಯ ಕ್ಯಾಮೆರಾ.

ಅವನು ಹಾಡಿದ ಮೊದಲ ಹಾಡಿನಲ್ಲಿ ಇದ್ದದ್ದೇ ಎರಡು ಮಾತು: “ಬಸ್ ಬರಂಗಿಲ್ಲ.” ಅದನ್ನೇ ಅವನು ಎಷ್ಟು ಸಿಟ್ಟಿನಿಂದ, ಎಷ್ಟು ಸಂಕಟದಿಂದ, ಕೊನೆಗೆ ಎಷ್ಟು ನಗುತ್ತ ಒದರಿದನೆಂದರೆ, ಚಿಕ್ಕೋಡಿಯ ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಯೌವನ ಕಳೆದಿದ್ದ ನನಗೆ ಇದು ನನ್ನದೇ ಆತ್ಮಕಥೆ ಅನ್ನಿಸಿತು. ಮೇಷ್ಟ್ರುಗಳು ಒಬ್ಬರ ಮುಖ ಒಬ್ಬರು ನೋಡಿದರು. ಹಾಡು ಮುಗಿದ ಮೇಲೆ ದಿಲೀಪ ಗಿಟಾರನ್ನು ಬೆನ್ನಿಗೆ ಸರಿಸಿ, ಕ್ಯಾಮೆರಾ ಕಣ್ಣಿಗೆ ಹಿಡಿದ.

“ಇಷ್ಟೊತ್ತು ನೀವು ನನ್ನ ನೋಡೀರಿ. ಈಗ ನಾ ನಿಮ್ಮನ್ನ ನೋಡ್ತೀನಿ. ಅಳ್ಳಾಡಬ್ಯಾಡ್ರಿ,” ಎಂದ.

ಫ್ಲ್ಯಾಶ್ ಮಿಂಚಿತು. ನಾನು ಆ ಹೊತ್ತಿಗೇ ಕೆಟ್ಟೆ ಎಂದು ನಮ್ಮ ಅವ್ವ ಇಂದಿಗೂ ಹೇಳುತ್ತಾಳೆ. ನಾನು ಅಭಿಮಾನಿಯಾದ ರೀತಿಯೂ ನಗುವಂಥದ್ದೇ. ಗಿಟಾರು ಕಲಿಯಲು ನಮ್ಮೂರಲ್ಲಿ ಗಿಟಾರೇ ಇರಲಿಲ್ಲ. ಕೂದಲು ನಿಲ್ಲಿಸಲು ಧೈರ್ಯವಿರಲಿಲ್ಲ. ಉಳಿದದ್ದು ಸೇಫ್ಟಿ ಪಿನ್ನು. ಅವ್ವನ ತಾಳಿಸರಕ್ಕೆ ಸಿಕ್ಕಿಸಿದ್ದ ಪಿನ್ನುಗಳ ಗೊಂಚಲಿನಿಂದ ಒಂದೊಂದೇ ಇಳಿಸಿ ನನ್ನ ಪುಸ್ತಕದ ಚೀಲಕ್ಕೆ ಸಾಲಾಗಿ ಚುಚ್ಚಿದೆ. ಬಸ್ಸಿನಲ್ಲಿ ಒಬ್ಬ ಅಜ್ಜಿ ಅದನ್ನು ನೋಡಿ, “ಪಿನ್ನ ಮಾರತಿಯೇನವಾ? ನನಗೊಂದು ಕೊಡು,” ಎಂದಳು. ಕೊಟ್ಟೆ. ನನ್ನ ಬಂಡಾಯದ ಒಟ್ಟು ಲೆಕ್ಕ ಅಷ್ಟೇ.

ಮುಂದೆ ಅಥಣಿಯಲ್ಲಿ ದ್ರಾಕ್ಷಿ ಬೆಳೆಗಾರರ ಒಂದು ಕೂಟಕ್ಕೆ ‘ಘಾಟು’ ಬರುತ್ತದೆ ಎಂದು ಗೊತ್ತಾಯಿತು. ಹಗಲಿನ ಕಾರ್ಯಕ್ರಮ. ಅಪ್ಪನಿಗೆ ಸಂಗೀತದ ಕಾರ್ಯಕ್ರಮವಿದೆ ಎಂದೆ. ಅಪ್ಪ ಎಂಥ ಸಂಗೀತ ಎಂದು ಕೇಳಲಿಲ್ಲ.

“ಹೋಗೂದಾದ್ರ ಗಂಗವ್ವನ್ನ ಕರಕೊಂಡ ಹೋಗು,” ಎಂದರು.

ಗಂಗವ್ವ ನನ್ನ ಚಿಗವ್ವ; ಅಪ್ಪನ ತಮ್ಮನ ಹೆಂಡತಿ. ಅವಳ ಕತೆಯನ್ನು ಸಣ್ಣದಾಗಿ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಮನೆಯಲ್ಲಿ ಅದನ್ನು ಯಾರೂ ದೊಡ್ಡದಾಗಿ ಹೇಳಿದ್ದೇ ಇಲ್ಲ. ಕೊಗನೊಳ್ಳಿಯ ಕಡೆಯಿಂದ ಮದುವೆಯಾಗಿ ಬಂದ ವರ್ಷವೇ ಗಂಡ ಹೆಂಡತಿ ಇಬ್ಬರಿಗೂ ವಿಷಮಜ್ವರ ಬಂತು. ಕಾಕಾ ಹೋದರು. ಚಿಗವ್ವ ಉಳಿದಳು, ಆದರೆ ಜ್ವರ ಇಳಿದಾಗ ಅವಳ ಕಿವಿಯೂ ಹೋಗಿತ್ತು. ಪೂರ್ತಿ ಅಲ್ಲ; ಬಾಗಿಲು ಧಡ್ಡನೆ ಹಾಕಿದರೆ, ಗುಡುಗಿದರೆ ಗೊತ್ತಾಗುತ್ತಿತ್ತು. ಮನುಷ್ಯರ ಮಾತು ಕೇಳಿಸುತ್ತಿರಲಿಲ್ಲ. ಬರಬರುತ್ತ ಮನೆಯ ಜನ ಅವಳೊಡನೆ ಕೈಸನ್ನೆಯಲ್ಲಿ ಮಾತಾಡತೊಡಗಿದರು. ಕೈಸನ್ನೆಯಲ್ಲಿ ಹೇಳಬಹುದಾದದ್ದು ಎಷ್ಟು? ಬಾ, ಹೋಗು, ರೊಟ್ಟಿ ಬಡಿ, ಎಮ್ಮೆ ಹಿಂಡು. ಸಂಗೀತದ ಕಾರ್ಯಕ್ರಮಕ್ಕೆ ಕಿವಿ ಕೇಳದವಳನ್ನು ಕಾವಲು ಕಳಿಸುವುದರಲ್ಲಿ ತಮಾಷೆಯಿದೆ ಎಂದು ಅಪ್ಪನಿಗೆ ಹೊಳೆಯಲಿಲ್ಲ. ಅವಳಿಗೂ ಒಂದು ಬಾಯಿ, ಎರಡು ಕಣ್ಣು ಇವೆ ಎಂದು ನನಗೂ ಅಲ್ಲಿಯವರೆಗೆ ಅಷ್ಟಾಗಿ ಹೊಳೆದಿರಲಿಲ್ಲ.

ಕಿವಿ ಕೇಳದವರಿಗೆ ತಮ್ಮ ದನಿಯ ಅಳತೆ ಸಿಗುವುದಿಲ್ಲ. ಅಥಣಿಯ ಬಸ್ಸಿನಲ್ಲಿ ಚಿಗವ್ವ ನನ್ನ ಕಿವಿಯಲ್ಲಿ ಗುಟ್ಟು ಹೇಳಿದಳು: “ಆ ಮುಂದಿನ ಮುದುಕನ ಧೋತರ ನೋಡ ಸುನಿ. ಹಿಂದ ಹರದೈತಿ.” ಇಡೀ ಬಸ್ಸು ತಿರುಗಿ ನೋಡಿತು. ಮುದುಕ ಅಥಣಿಯವರೆಗೆ ಸೀಟಿನಿಂದ ಏಳಲಿಲ್ಲ.

ಶಾಲೆಯ ಮೈದಾನದಲ್ಲಿ ಹಲಗೆಯ ವೇದಿಕೆ, ಅದರ ಎರಡೂ ಬದಿಗೆ ಗೋದಿಯ ಪೆಟ್ಟಿಗೆಯಷ್ಟು ದೊಡ್ಡ ಸೌಂಡ್ ಬಾಕ್ಸು. ನಾವು ಹೆಂಗಸರ ಕಡೆ ಹಿಂದೆ ಕೂತೆವು. ದಿಲೀಪ ಶುರು ಮಾಡಿದ. ದ್ರಾಕ್ಷಿ ಬೆಳೆಗಾರರು ಭಜನೆಗೋ ಭಾವಗೀತೆಗೋ ಸಿದ್ಧರಾಗಿ ಬಂದವರು. ಮೊದಲ ಏಟಿಗೇ ಕೆಲವರು ರುಮಾಲು ಕಿವಿಯ ಮೇಲೆ ಎಳೆದುಕೊಂಡರು. ನಾನು ಹಾಡಿನಲ್ಲಿ ಮುಳುಗಿದ್ದೆ. ತಿರುಗಿ ನೋಡಿದರೆ ಪಕ್ಕದಲ್ಲಿ ಚಿಗವ್ವ ಇಲ್ಲ.

ಅವಳು ಗಂಡಸರ ನಡುವೆ ಹಾದು ಮುಂದೆ ಹೋಗಿ, ಸೌಂಡ್ ಬಾಕ್ಸಿನ ಮೇಲೆ ಅಂಗೈ ಊರಿ ನಿಂತಿದ್ದಳು. ಎಮ್ಮೆಯ ಹೊಟ್ಟೆಯಲ್ಲಿ ಕರು ಮಿಸುಕುತ್ತದೆಯೇ ಎಂದು ನೋಡುವವರು ನಿಲ್ಲುತ್ತಾರಲ್ಲ, ಹಾಗೆ. ನಾನು ಓಡಿ ಹೋಗಿ ಅವಳ ತೋಳು ಹಿಡಿದೆ.

“ಇದು ಕೇಳಸ್ತೈತಿ ಸುನಿ,” ಎಂದಳು. ಅವಳ ಕಣ್ಣು ಅಗಲವಾಗಿದ್ದವು. “ಕಿವ್ಯಾಗಲ್ಲ. ಇಲ್ಲಿ, ಎದಿಯಾಗ ಕೇಳಸ್ತೈತಿ. ಈ ಹುಡುಗ ಏನೋ ಹೇಳಾಕತ್ತಾನ.”

“ಬಸ್ ಬರಂಗಿಲ್ಲ ಅನ್ನಾಕತ್ತಾನ,” ಎಂದೆ ಬಾಯಿ ದೊಡ್ಡದು ಮಾಡಿ.

ಅವಳು ನನ್ನ ತುಟಿ ನೋಡಿ ತಿಳಿದುಕೊಂಡು, ತಲೆ ಹಿಂದಕ್ಕೆ ಹಾಕಿ ನಕ್ಕಳು. ಸೆರಗು ಜಾರಿ ಭುಜಕ್ಕೆ ಬಂತು. ಆಮೇಲೆ ಅವಳೂ ಒದರಿದಳು: “ಬರಂಗಿಲ್ಲ, ಬರಂಗಿಲ್ಲ.” ತಾಳ ಒಂದಿಷ್ಟೂ ತಪ್ಪಲಿಲ್ಲ. ದಿಲೀಪ ಗಿಟಾರು ಬಿಟ್ಟು ಕ್ಯಾಮೆರಾ ಎತ್ತಿದ್ದು ಆಗಲೇ ಇರಬೇಕು.

ಕಾರ್ಯಕ್ರಮ ಮುಗಿದು ದಿಲೀಪ ವೈರು ಸುತ್ತುತ್ತಿದ್ದಾಗ ಚಿಗವ್ವ ಸೀದಾ ಅವನ ಬಳಿ ಹೋದಳು. ಸೊಂಟದ ಚೀಲದಿಂದ ಸೂಜಿ ದಾರ ತೆಗೆದಳು.

“ತಮ್ಮಾ, ಅಂಗಿಗೆ ಗುಂಡಿ ಇಲ್ಲ ನಿನಗ. ಪಿನ್ನ ಚುಚ್ಚಿಗಿಚ್ಚೀತು. ನಿಂದರು.”

“ಇದು ಫ್ಯಾಷನ್ ಐತ್ರಿ ಮಾವಶಿ,” ಎಂದ ಅವನು, ಮರಾಠಿಯವರು ಚಿಕ್ಕಮ್ಮನನ್ನು ಕರೆಯುವ ಹಾಗೆ. ಚಿಗವ್ವನಿಗೆ ಕೇಳಿಸಬೇಕಲ್ಲ. ಅವಳಾಗಲೇ ದಾರ ಪೋಣಿಸಿ, ಅವನ ಅಂಗಿಯ ತೋಳಿನ ತುದಿಗೆ ತನ್ನ ಬಳಿಯಿದ್ದ ಒಂದು ಬಿಳಿ ಗುಂಡಿ ಹೊಲಿಯತೊಡಗಿದ್ದಳು. ಸಭೆಯನ್ನೇ ನಡುಗಿಸಿದ್ದ ಆ ಮನುಷ್ಯ ಅವಳು ಹಲ್ಲಿನಿಂದ ದಾರ ಕಡಿಯುವವರೆಗೆ ಕೈ ಚಾಚಿಕೊಂಡು ಸುಮ್ಮನೆ ನಿಂತಿದ್ದ.

ಅಂದಿನಿಂದ ಕಾವಲು ಯಾರು, ಅಭಿಮಾನಿ ಯಾರು ಎನ್ನುವುದು ಗೊಂದಲವಾಯಿತು. ನನಗೆ ಪರೀಕ್ಷೆ ಇದ್ದರೂ ಚಿಗವ್ವ, “ಹುಡುಗ ಎಲ್ಲೆರ ಹಾಡಾಕತ್ತಾನೇನ?” ಎಂದು ಕೇಳುತ್ತಿದ್ದಳು. ರಾಯಬಾಗದಲ್ಲೇ ಒಂದು ಸಲ, ಕಾಗವಾಡದಲ್ಲಿ ಒಂದು ಸಲ ಕೇಳಿದೆವು. ಕೊಗನೊಳ್ಳಿಗೂ ಹೋದೆವು. ಗಡಿಯ ಊರು. ಅವನ ಹಾಡುಗಳಲ್ಲಿ ಒಂದು ಸಾಲು ಕನ್ನಡ, ಒಂದು ಸಾಲು ಮರಾಠಿ. ಕನ್ನಡದ ಸಾಲು ಬಂದಾಗ ಒಂದು ಕಡೆಯವರು ಎದ್ದು ಬೈದರು. ಮರಾಠಿಯ ಸಾಲು ಬಂದಾಗ ಇನ್ನೊಂದು ಕಡೆಯವರು ಎದ್ದರು. ದಿಲೀಪ ಗಿಟಾರು ನಿಲ್ಲಿಸಿ, “ನಮ್ಮವ್ವ ಜೋಗುಳಾ ಹಾಡಿದ್ದು ಎರಡೂದರಾಗ. ಈಗ ಯಾವ ಅರ್ಧ ಬಿಡ್ಲಿ, ನೀವ ಹೇಳ್ರಿ,” ಎಂದ. ಆಮೇಲೆ ಅವನು ಮಾತೇ ಇಲ್ಲದೆ, ಬರೀ ಹೋ ಎಂದು ಒದರಿ ಹಾಡು ಮುಗಿಸಿದ. ಎರಡೂ ಕಡೆಯವರು ಚಪ್ಪಾಳೆ ತಟ್ಟಿದರು. ಹೋ ಅನ್ನುವುದು ಯಾವ ಭಾಷೆಯೆಂದು ತೀರ್ಮಾನವಾಗದ್ದರಿಂದ ಇರಬಹುದು.

ಆಮೇಲೆ ‘ಘಾಟು’ ನಿಂತುಹೋಯಿತು. ಡ್ರಮ್ಮಿನವನಿಗೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು ಎಂದರು. ದಿಲೀಪ ಏನಾದ ಎಂದು ತಿಳಿಯಲಿಲ್ಲ. ನಾನು ಓದು ಮುಗಿಸಿ, ಮದುವೆಯಾಗಿ ಕಾಗವಾಡಕ್ಕೆ ಬಂದೆ. ಅಲ್ಲಿನ ಹೈಸ್ಕೂಲಿನಲ್ಲಿ ಟೀಚರಾದೆ. ಪಿನ್ನುಗಳು ನನ್ನ ತಾಳಿಸರಕ್ಕೆ ಬಂದವು. ಬಂಡಾಯಗಾರ್ತಿ ಸೀರೆಯ ನೆರಿಗೆ ನಿಲ್ಲಿಸಲು ಪಿನ್ನು ಹುಡುಕುವವಳಾದಳು.

ತೊಂಬತ್ತರ ದಶಕದಲ್ಲಿ ಒಂದು ದಿನ ನಿಪ್ಪಾಣಿಯ ಬಸ್ ಸ್ಟ್ಯಾಂಡಿನಲ್ಲಿ ಪೇಪರಿನ ಅಂಗಡಿಯವನು ವಾರಪತ್ರಿಕೆಗಳ ನಡುವೆ ಕ್ಲಿಪ್ಪು ಹಾಕಿ ತೂಗುಬಿಟ್ಟಿದ್ದ ಆ ಅಗಲವಾದ ಪುಸ್ತಕ ನೋಡಿದೆ. ಕೆಳಗೆ ದಿಲೀಪನ ಹೆಸರು. ಕೊಂಡುಕೊಂಡು ಮಿರಜದ ಬಸ್ಸು ಹತ್ತಿದೆ. ಕಾಗವಾಡದಲ್ಲಿ ಇಳಿಯಬೇಕಾದವಳು ಪುಸ್ತಕದಿಂದ ತಲೆ ಎತ್ತಿದಾಗ ಬಸ್ಸು ಮಿರಜದಲ್ಲಿ ನಿಂತಿತ್ತು.

ಈ ಪುಸ್ತಕದ ಬಗ್ಗೆ ನಾನು ನಿಷ್ಪಕ್ಷಪಾತವಾಗಿ ಹೇಳಲಾರೆ. ಟೀಚರಾಗಿ ಹೇಳುವುದಾದರೆ ಕಾಗುಣಿತದ ತಪ್ಪು ಬೇಕಾದಷ್ಟಿವೆ. ಕೆಲವು ಚಿತ್ರ ಅಲುಗಾಡಿವೆ. ಕೆಲವುಗಳಲ್ಲಿ ಮೈಕಿನ ಕಂಬವೇ ಅರ್ಧ ಜಾಗ ತಿಂದಿದೆ. ಆದರೂ ಆ ಮುಖಗಳು ಎಂಥವು! ದೊಡ್ಡ ಸದ್ದು ಒಮ್ಮೆಲೆ ಮೈಮೇಲೆ ಬಿದ್ದಾಗ ಮನುಷ್ಯ ತನ್ನ ಮುಖವನ್ನು ಜೋಡಿಸಿಕೊಳ್ಳುವುದನ್ನು ಮರೆಯುತ್ತಾನೆ. ಫೋಟೋಕ್ಕೆಂದು ಇಟ್ಟುಕೊಳ್ಳುವ ಮುಖ ಕಳಚಿ ಬಿದ್ದು, ಒಳಗಿನದು ಒಂದು ಗಳಿಗೆ ಹೊರಗೆ ಬರುತ್ತದೆ. ದಿಲೀಪ ಹಿಡಿದಿರುವುದು ಆ ಗಳಿಗೆಯನ್ನು. ಸಿಟ್ಟಾದವರು, ಹೆದರಿದವರು, ಕುಣಿಯಬೇಕೆಂದು ಅನ್ನಿಸಿ ಪಕ್ಕದವರಿಗೆ ನಾಚಿದವರು. ಅಂಚಿಗೆ ಮಲ್ಲಿಗೆ ಬಳ್ಳಿ ಬೇರೆ.

ಚಿತ್ರದ ಬದಿಗೆ ಅವನು ಮಾತಾಡುವ ಹಾಗೆಯೇ ನಾಲ್ಕು ಸಾಲು ಬರೆದಿದ್ದಾನೆ. ಒಂದು ಕಡೆ ಅವನ ತಾಯಿಯ ಚಿತ್ರವಿದೆ. ಮಡಿಲಲ್ಲಿ ಮೊರ, ಮೊರದಲ್ಲಿ ತಂಬಾಕು, ಕಣ್ಣು ಮಗನ ಮೇಲೆ. ಅವಳ ಕೆಮ್ಮೇ ತಾನು ಕಲಿತ ಮೊದಲ ತಾಳ ಎಂದು ಬರೆದಿದ್ದಾನೆ. ಕೊನೆಯ ಭಾಗದಲ್ಲಿ ಹಾಡು ನಿಂತದ್ದು ಏಕೆ ಎಂದು ಹೇಳಿದ್ದಾನೆ. ವರ್ಷಗಟ್ಟಲೆ ಆ ಬಾಕ್ಸುಗಳ ಮುಂದೆ ನಿಂತು ಕಿವಿಯಲ್ಲಿ ಜೀರುಂಡೆ ಬಂದು ಕೂತಿತಂತೆ. ಸೋಂಕಾಗಿ, ಮದ್ದು ತಡವಾಗಿ, ಕೊನೆಗೆ ಆ ಜೀರುಂಡೆಯ ಜೊತೆ ಕಿವಿಯೂ ಎದ್ದು ಹೋಯಿತಂತೆ. ಈಗ ನಿಪ್ಪಾಣಿಯಲ್ಲಿ ಒಂದು ಫೋಟೋ ಸ್ಟುಡಿಯೋ ಇಟ್ಟಿದ್ದಾನೆ. ಮಂದಿಯ ಮುಖ ನೋಡಿದರೆ ಇನ್ನೂ ಹಾಡು ಕೇಳಿಸುತ್ತದೆ, ಅದಕ್ಕೇ ಈ ಪುಸ್ತಕ ಎಂದಿದ್ದಾನೆ. ಮಿರಜದ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ನಾನು ಅತ್ತೆ.

ನಡುವಿನ ಎರಡು ಪುಟ ಸೇರಿಸಿ ಒಂದೇ ಚಿತ್ರ ಇತ್ತು. ನಮ್ಮ ಚಿಗವ್ವ. ಅಂಗೈ ಬಾಕ್ಸಿನ ಮೇಲೆ, ಸೆರಗು ಭುಜದ ಮೇಲೆ, ಬಾಯಿ ಪೂರ್ತಿ ತೆರೆದಿದೆ. ಸುತ್ತಲಿನ ಗಂಡಸರೆಲ್ಲ ಕಿವಿ ಮುಚ್ಚಿಕೊಂಡು ಕೂತಿದ್ದಾರೆ. ಕೆಳಗೆ ಇಷ್ಟೇ ಇತ್ತು: ‘ಅಥಣಿ. ಕೇಳಾಕ ಬಂದಾಕಿ.’

ಮುಂದಿನ ರಜೆಗೆ ಹಿಗ್ಗಿನಿಂದ ಪುಸ್ತಕ ರಾಯಬಾಗಕ್ಕೆ ಒಯ್ದೆ. ಚಿಗವ್ವ ಆ ಪುಟವನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಳು. ಬೆರಳಿನಿಂದ ತನ್ನ ಹಲ್ಲುಗಳನ್ನು ಮುಟ್ಟಿ ನೋಡಿಕೊಂಡಳು, ಚಿತ್ರದಲ್ಲಿನವುಗಳನ್ನಲ್ಲ, ಬಾಯಲ್ಲಿನವುಗಳನ್ನು. ಅಪ್ಪ ಒಮ್ಮೆ ನೋಡಿ ಎದ್ದು ಹೋದರು. ಅಷ್ಟರಲ್ಲಿ ಚಿಕ್ಕೋಡಿಯ ಬೀಗರೊಬ್ಬರೂ ಎಲ್ಲೋ ಅದನ್ನು ನೋಡಿ, “ನಿಮ್ಮ ಮನಿ ಹೆಣ್ಣಮಗಳು ಬುಕ್ಕಿನ್ಯಾಗ ಬಂದಾಳಲ್ರಿ, ಗಂಡಸರ ನಡುವ,” ಎಂದು ನಕ್ಕಿದ್ದರಂತೆ. ಅದು ಅಪ್ಪನಿಗೆ ಚುಚ್ಚಿತು.

“ಗಂಡನ್ನ ಕಳಕೊಂಡಾಕಿ, ಬಾಯಿ ತಕ್ಕೊಂಡು, ತಲಿ ಮ್ಯಾಲ ಸೆರಗಿಲ್ಲದ ನಿಂತಾಳ. ಯಾರನ್ನ ಕೇಳಿ ಹಾಕಿದಾನವಾ ಅವ? ನಾಳೆ ನಿಪ್ಪಾಣಿಗೆ ಹೋಗೂಣು. ಅದನ್ನ ತಗಸಬೇಕು,” ಎಂದರು ನನಗೆ.

ಬಾಗಿಲಲ್ಲಿ ನಿಂತಿದ್ದ ಚಿಗವ್ವ ಅಪ್ಪನ ತುಟಿ ನೋಡುತ್ತಿದ್ದಳು. “ನಾನೂ ಬರ್ತೀನ್ರಿ ಭಾವಾರ,” ಎಂದಳು. ಅಪ್ಪ ಬೇಡವೆಂದು ಕೈ ಆಡಿಸಿದರು. ಮರುದಿನ ಬೆಳಿಗ್ಗೆ ನಾವು ಹೊರಡುವಾಗ ಅವಳು ಒಗೆದ ಸೀರೆ ಉಟ್ಟು ಬಸ್ ಸ್ಟಾಪಿನಲ್ಲಿ ಮೊದಲೇ ನಿಂತಿದ್ದಳು.

ಸ್ಟುಡಿಯೋ ಒಂದು ಓಣಿಯಲ್ಲಿತ್ತು. ಓಣಿಯ ತುಂಬ ತಂಬಾಕಿನ ವಾಸನೆ. ಒಳಗೆ ಒಂದು ಸ್ಟೂಲು, ಒಂದು ಬೆಂಚು, ಗೋಡೆಯಲ್ಲಿ ಬುದ್ಧನ ಚಿತ್ರ. ದಿಲೀಪನ ಕೂದಲು ಈಗ ಮಲಗಿತ್ತು, ಅಲ್ಲಲ್ಲಿ ನರೆತಿತ್ತು. ಅವನು ಚಿಗವ್ವನನ್ನು ನೋಡಿ ತಟ್ಟನೆ ಎದ್ದ.

“ಮಾವಶಿ, ಬರ್ರಿ. ಕಾಕಾ, ಕೂಡ್ರಿ. ನನಗ ಕೇಳಸಂಗಿಲ್ರಿ, ಇದರಾಗ ಬರೀರಿ,” ಎಂದು ಒಂದು ಪಾಟಿ ಮತ್ತು ಬಳಪ ಅಪ್ಪನ ಕೈಗೆ ಕೊಟ್ಟ. ಒಳಗೆ ಅವನ ತಾಯಿ ಸ್ಟವ್ ಹೊತ್ತಿಸುವ ಸದ್ದಾಯಿತು.

ಅಪ್ಪ ಕೂಡಲಿಲ್ಲ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತುಗಳನ್ನೆಲ್ಲ ಆಡಬೇಕೆಂದು ಬಾಯಿ ತೆರೆದವರು, ಕೈಯಲ್ಲಿನ ಪಾಟಿ ನೋಡಿ ನಿಂತರು. ಸಿಟ್ಟನ್ನು ಬಳಪದಲ್ಲಿ ಬರೆಯುವುದು ಸುಲಭವಲ್ಲ. ಬರೆದರು, ಒರೆಸಿದರು, ಮತ್ತೆ ಬರೆದರು. ಕೊನೆಗೆ ಉಳಿದದ್ದು ಒಂದೇ ಸಾಲು: ‘ನಮ್ಮ ಮನೆಯ ಹೆಣ್ಣುಮಗಳ ಫೋಟೋ ತೆಗೆಯಿರಿ.’

ದಿಲೀಪ ಓದಿದ. ಮುಖ ಅರಳಿತು. “ಯಾಕ ತಗೀಬಾರದ್ರಿ ಕಾಕಾ, ಈಗ ತಗೀತೀನಿ,” ಎಂದವನೇ ದೀಪಗಳನ್ನು ಹೊತ್ತಿಸಿ, ಹಿಂದಿನ ಪರದೆ ಎಳೆದು, ಚಿಗವ್ವನನ್ನು ಸ್ಟೂಲಿನ ಮೇಲೆ ಕೂರಿಸಿದ. ಚಿಗವ್ವ ಸೆರಗು ತಲೆಯ ಮೇಲೆ ಸರಿಮಾಡಿಕೊಂಡು, ಎರಡೂ ಕೈ ಮೊಣಕಾಲ ಮೇಲಿಟ್ಟು, ಉಸಿರು ಹಿಡಿದು ಕೂತಳು. ನಾವು ಏನೆಂದು ತಿಳಿಯುವುದರೊಳಗೆ ಕ್ಲಿಕ್ ಎಂದಾಗಿತ್ತು.

“ತೆಗೀರಿ ಅಂದ್ರ ಹೊಡೀರಿ ಅಂತಲ್ಲವಾ,” ಅಪ್ಪ ನನ್ನ ಕಡೆ ತಿರುಗಿದರು. “ಕಿತ್ತು ಹಾಕ್ರಿ ಅಂತ. ಬಿಡಿಸಿ ಬರೆದು ಕೊಡು ಅವಗ.”

ಅಪ್ಪನ ವಾಕ್ಯದಲ್ಲಿ ಕಡಿಮೆಯಾಗಿದ್ದದ್ದು ಒಂದೇ ಪದ. ಮಕ್ಕಳ ಎಷ್ಟೋ ವಾಕ್ಯಗಳನ್ನು ತಿದ್ದಿದವಳು ನಾನು. ಆ ಸಾಲಿನ ಮೊದಲಿಗೆ ‘ಪುಸ್ತಕದಿಂದ’ ಎಂದು ಸೇರಿಸುವ ಮೊದಲು ಬಳಪವನ್ನು ಎರಡು ಸಲ ಕೆಳಗಿಟ್ಟೆ. ಬರೆದು ಕೊಟ್ಟೆ.

ದಿಲೀಪ ಓದಿ, ಒಂದು ದೀಪ ಆರಿಸಿದ. ಅವನ ತಾಯಿ ಚಹಾದ ಕಪ್ಪುಗಳನ್ನು ಬೆಂಚಿನ ಮೇಲೆ ಇಟ್ಟು ಗೋಡೆಗೆ ಆತು ನಿಂತಳು.

“ಮಾವಶಿ ಬ್ಯಾಡ ಅಂದ್ರ ತಗದ ಬಿಡ್ತೀನ್ರಿ ಕಾಕಾ,” ಎಂದ ಮೆಲ್ಲಗೆ. “ಉಳದ ಪ್ರತಿ ಎಲ್ಲಾ ಇಲ್ಲೇ ಅದಾವು. ಆ ಹಾಳಿ ನಾನ ಹರೀತೀನಿ. ಆದ್ರ ಫೋಟೋದಾಗಿನ ಮಾರಿ ಅವರದು. ಅವರ ಹೇಳ್ಬೇಕು.” ಪುಸ್ತಕ ತೆರೆದು ಆ ಪುಟ ಚಿಗವ್ವನ ಮುಂದೆ ಹಿಡಿದು, ಹರಿಯಲೇ ಎಂಬಂತೆ ಬೆರಳಿನಿಂದ ಸನ್ನೆ ಮಾಡಿದ.

ಚಿಗವ್ವ ಅವನ ಕಡೆ ನೋಡಲಿಲ್ಲ. ಅಪ್ಪನ ಕಡೆ ತಿರುಗಿದಳು.

“ಭಾವಾರ, ನಮ್ಮ ಮನಿ ಗ್ವಾಡಿ ಮ್ಯಾಲ ಎಷ್ಟ ಫೋಟೋ ಅದಾವು. ನಂದೊಂದರ ಐತೇನ್ರಿ?”

ಅಪ್ಪ ಬಗ್ಗಿ ಆ ಪುಟ ನೋಡಿದರು.

“ಅವರು ಹೋದ ಮ್ಯಾಲ ಫೋಟೋ ತಗಿಯೂವಾಗ ನಾ ಒಳಗ ಹೋಗತಿದ್ನಿ. ಬಾ ಅಂತ ಯಾರೂ ಕರೀಲಿಲ್ಲ, ನಾನೂ ಬರಲಿಲ್ಲ. ನಾ ನಕ್ಕರ ಹೆಂಗ ಕಾಣ್ತೀನಿ ಅನ್ನೂದ ನನಗ ಗೊತ್ತಿರಲಿಲ್ರಿ. ಮೊನ್ನೆ ಇದರಾಗ ನೋಡಿದ್ನಿ. ಇರಲಿ ಅದು.”

“ಸೆರಗ ಜಾರೇತಿ ಗಂಗವ್ವಾ,” ಎಂದರು ಅಪ್ಪ. ದನಿಯಲ್ಲಿ ಸಿಟ್ಟಿಗಿಂತ ಸೋಲು ಹೆಚ್ಚಾಗಿತ್ತು.

“ಹೌದ್ರಿ, ಜಾರೇತಿ. ಈಗ ಸರಿ ಮಾಡ್ಕೊಂಡ್ರ ಫೋಟೋದಾಗ ಸರಿ ಆಗೂದಿಲ್ಲಲ್ರಿ.”

ದಿಲೀಪನ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಚಿಗವ್ವ ಈಗ ದಿಲೀಪನ ಕಡೆ ತಿರುಗಿ, ಅವನ ಗದ್ದ ಹಿಡಿದು ತನ್ನ ಮುಖದ ಕಡೆ ತಿರುಗಿಸಿದಳು. ಒಂದೊಂದೇ ಮಾತನ್ನು ತುಟಿಯಲ್ಲಿ ದೊಡ್ಡದು ಮಾಡಿ ಹೇಳಿದಳು.

“ನಿಂದೂ ಕಿವಿ ಹೋತಂತ. ನೋಡ ತಮ್ಮಾ, ಕಿವಿ ಹೋದ್ರ ಮಂದಿ ಮಾತಾಡೂದ ಬಿಡ್ತಾರ. ಬ್ಯಾಸರ ಮಾಡ್ಕೋಬ್ಯಾಡ. ಅವರ ಬಿಟ್ರ ನೀನ ಮಾತಾಡಸು. ನಾ ಸುಮ್ಮನಿದ್ದು ಭಾಳ ವರ್ಷ ಕಳದ್ನಿ. ನೀ ಹಂಗ ಮಾಡಬ್ಯಾಡ.”

ಅವನಿಗೆ ಎಷ್ಟು ತಿಳಿಯಿತೋ. ಕಣ್ಣು ಒರೆಸಿಕೊಂಡು ತಲೆ ಆಡಿಸಿದ. ಆಮೇಲೆ ಪೆನ್ನು ತೆಗೆದು, ಆ ಪುಟದ ಕೆಳಗೆ ‘ಕೇಳಾಕ ಬಂದಾಕಿ’ ಎಂದು ಇದ್ದ ಕಡೆ ಬೆರಳಿಟ್ಟು, “ಇಲ್ಲಿ ಹೆಸರು ಹಾಕ್ತೀನಿ ಮಾವಶಿ. ಆವಾಗ ಕೇಳಲಿಲ್ಲ ನಾ. ಏನ ಹೆಸರು?” ಎಂದ.

ನಾನು ಪಾಟಿಯ ಮೇಲೆ ಗಂಗವ್ವ ಎಂದು ಬರೆಯಹೋದೆ. ಚಿಗವ್ವ ನನ್ನ ಕೈ ತಡೆದಳು. ತಾನೇ ಹೇಳಿದಳು. ದಿಲೀಪ ತುಟಿ ನೋಡಿ, “ವಸಂತಾ?” ಎಂದ. ಅವಳು ಅಲ್ಲವೆಂದು ತಲೆ ಆಡಿಸಿ ಮತ್ತೆ ಹೇಳಿದಳು. “ಹೇಮಂತಾ?” ಎಂದ ಅವನು. ಇಬ್ಬರು ಕಿವುಡರ ನಡುವೆ ಒಂದು ಹೆಸರು ಅತ್ತಿತ್ತ ಓಡಾಡಿತು. ಕಿವಿ ನೆಟ್ಟಗಿದ್ದ ನನಗೂ ಅದು ಏನೆಂದು ಅರ್ಥವಾಗಲಿಲ್ಲ, ಏಕೆಂದರೆ ನಮ್ಮ ಮನೆಯಲ್ಲಿ ಅಂಥ ಹೆಸರನ್ನು ನಾನು ಎಂದೂ ಕೇಳಿರಲಿಲ್ಲ.

ಆಗ ಅಪ್ಪ ಮುಂದೆ ಬಂದರು. ಬೆಂಚಿನ ಮೇಲೆ ಕೂತರು. ನನ್ನ ಕೈಯಿಂದ ಪಾಟಿ ತೆಗೆದುಕೊಂಡು, ಅಂಗೈಯಿಂದ ಚೆನ್ನಾಗಿ ಒರೆಸಿ, ದುಂಡಾಗಿ ಬರೆದರು: ‘ಶೇವಂತಾ.’

“ತವರ ಮನಿ ಹೆಸರ,” ಎಂದರು ನನಗೆ, ತಲೆ ಎತ್ತದೆ. “ನಮ್ಮಲ್ಲಿ ಬಂದ ಮ್ಯಾಲ ಗಂಗವ್ವ ಅಂತ ಇಟ್ಟಿವಿ. ಲಗ್ನದಾಗ ಮದುಮಗ ತಾಟಿನ ಅಕ್ಕಿ ಮ್ಯಾಲ ಹೆಂಡತಿ ಹೊಸಾ ಹೆಸರ ಬರೀಬೇಕಾಗಿತ್ತು. ತಮ್ಮನ ಅಕ್ಷರ ಚೊಲೋ ಇರಲಿಲ್ಲ. ನಾನ ಬರದಿದ್ನಿ.”

ದಿಲೀಪ ಪಾಟಿ ನೋಡಿಕೊಂಡು ಪುಸ್ತಕದಲ್ಲಿ ಆ ಹೆಸರು ಬರೆದ. ಉಳಿದ ಪ್ರತಿಗಳನ್ನೂ ತಂದು ಒಂದೊಂದರಲ್ಲೂ ಬರೆಯತೊಡಗಿದ. ಚಿಗವ್ವನಿಗೆ ಓದಲು ಬಾರದು. ಆದರೂ ಪ್ರತಿ ಸಲವೂ ಬಗ್ಗಿ ನೋಡಿದಳು. ಅಪ್ಪ ಆರಿಹೋಗಿದ್ದ ಚಹಾವನ್ನು ಪೂರ್ತಿ ಕುಡಿದು, ದಿಲೀಪನ ತಾಯಿಗೆ ಕೈಮುಗಿದು ಎದ್ದರು.

ಅಂದು ಸ್ಟುಡಿಯೋದಲ್ಲಿ ತೆಗೆದ ಫೋಟೋ ಆಮೇಲೆ ಟಪಾಲಿನಲ್ಲಿ ಬಂತು. ಚಿಗವ್ವ ಅದರಲ್ಲಿ ಓಟಿನ ಗುರುತಿನ ಚೀಟಿಗೆ ಕೂತವರ ಹಾಗೆ ಕಾಣುತ್ತಾಳೆ. ಅಪ್ಪ ಅದಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದರು.

ನಿಪ್ಪಾಣಿಯಿಂದ ಮನೆ ಮುಟ್ಟಿದಾಗ ಹೊತ್ತು ಇಳಿದಿತ್ತು. ಚಿಗವ್ವ ದಣಿದು ಕಟ್ಟೆಯ ಮೇಲೆ ಬೀದಿಯ ಕಡೆ ಮುಖ ಮಾಡಿ ಕೂತಳು. ಒಳಗಿನಿಂದ ಅವ್ವ, “ಗಂಗವ್ವಾ, ಕೈಕಾಲ ತೊಳಕೊಂಡ ಬಾ,” ಎಂದು ಕೂಗಿದಳು. ಚಿಗವ್ವ ತಿರುಗಲಿಲ್ಲ. ಅವ್ವ ಮತ್ತೆ ಜೋರಾಗಿ ಕೂಗಿದಳು. ಆಗಲೂ ತಿರುಗಲಿಲ್ಲ. ಕೇಳಿಸಲಿಲ್ಲವೋ, ಆ ಹೆಸರಿಗೆ ತಿರುಗುವ ಮನಸ್ಸಾಗಲಿಲ್ಲವೋ, ನನಗೆ ತಿಳಿಯಲಿಲ್ಲ. ಚಪ್ಪಲಿ ಕಳಚುತ್ತಿದ್ದ ಅಪ್ಪ ಹಾಗೆಯೇ ಅಂಗಳಕ್ಕೆ ಇಳಿದು, ಅವಳಿಗೆ ತಮ್ಮ ಮುಖ ಕಾಣುವ ಕಡೆ ಹೋಗಿ ನಿಂತು, ತುಟಿ ಬಿಡಿಸಿ ಸಾವಕಾಶವಾಗಿ ಹೇಳಿದರು:

“ಶೇವಂತಾ, ಊಟಕ್ಕ ಏಳವಾ.”